ತಾರೀಕು ಹೇಳಿ ಮುಚ್ಚುವ ದಾರಿ: ಗಡಿನಾಡಿನ ವ್ಯಾಪಾರಿಗೆ ಬೇಕು ಮುಂಗಡ ಲೆಕ್ಕ

ಕಾಸರಗೋಡು: ಮಂಜೇಶ್ವರ, ಉಪ್ಪಳ, ಕುಂಬಳೆ, ಬದಿಯಡ್ಕ ಕಡೆಯ ವ್ಯಾಪಾರಿಗಳಿಗೆ ಬೆಂಗಳೂರು ಎಂದರೆ ಘಾಟಿ ಹತ್ತುವ ರೈಲು, ಮುಂಬೈ ಮತ್ತು ದುಬೈ ಎಂದರೆ ಬಜಪೆಯ ವಿಮಾನ. ಎರಡಕ್ಕೂ ಗಡಿ ದಾಟಲೇಬೇಕು. ಇವುಗಳಲ್ಲಿ ಒಂದು ದಾರಿ ನಾಲ್ಕೈದು ತಿಂಗಳು ಮುಚ್ಚಿದರೆ? ‘ಎಂತ ಮಾಡುದು, ಆ ದಿನ ನೋಡುವಾ’ ಎಂದು ಕೂತವರಿಗೆ ನಷ್ಟವಾಗುವುದು ಟಿಕೆಟಿನ ದುಡ್ಡು ಮಾತ್ರ ಅಲ್ಲ. ಮಾತಾಡಿಟ್ಟ ವ್ಯವಹಾರ, ಕೆಲಸಕ್ಕೆ ಸೇರುವ ದಿನ, ಕೆಲವೊಮ್ಮೆ ವೀಸಾದ ಅವಧಿ ಕೂಡ ಕೈತಪ್ಪುತ್ತದೆ.

ಇದು ಬರೀ ಹೆದರಿಕೆಯ ಮಾತಲ್ಲ. ಕೆಲವೇ ವರ್ಷಗಳಲ್ಲಿ ಎರಡು ಸಲ ಹೀಗಾಗಿದೆ.

ಮೊದಲನೆಯದು ಮಂಗಳೂರು ವಿಮಾನ ನಿಲ್ದಾಣದ್ದು. 2,450 ಮೀಟರ್ ಉದ್ದದ ರನ್‌ವೇಗೆ ಹೊಸ ಡಾಮರು ಹಾಸುವ ಕೆಲಸಕ್ಕಾಗಿ 2023ರ ಜನವರಿ 27ರಿಂದ ಬೆಳಗ್ಗೆ 9.30ರಿಂದ ಸಂಜೆ 6ರ ತನಕ ವಿಮಾನ ಸಂಚಾರ ನಿಲ್ಲಿಸಲಾಯಿತು. ಭಾನುವಾರಕ್ಕೆ ರಿಯಾಯಿತಿ ಇತ್ತು. ಹಗಲಿನ ವಿಮಾನಗಳು ಮುಂಜಾನೆಗೋ ಸಂಜೆಯ ಮೇಲೋ ಸರಿದವು.

ಎರಡನೆಯದು ರೈಲಿನದ್ದು. ಸಕಲೇಶಪುರ-ಸುಬ್ರಹ್ಮಣ್ಯ ರೋಡ್ ನಡುವಿನ 55 ಕಿ.ಮೀ. ಘಾಟಿಯಲ್ಲಿ 57 ಸುರಂಗಗಳಿವೆ. ಅಲ್ಲಿ ವಿದ್ಯುತ್ ತಂತಿ ಎಳೆಯುವುದಕ್ಕಾಗಿ 2025ರ ಜೂನ್ 1ರಿಂದ ಹಗಲು ರೈಲುಗಳನ್ನು ನಿಲ್ಲಿಸಲಾಯಿತು. ಯಶವಂತಪುರದಿಂದ ಮಂಗಳೂರು ಜಂಕ್ಷನ್ ಮತ್ತು ಕಾರವಾರಕ್ಕೆ ಹೋಗಿಬರುವ ಹಗಲು ರೈಲುಗಳೆಲ್ಲ ರದ್ದಾದವು. ಉಳಿದದ್ದು ರಾತ್ರಿ ರೈಲು ಮತ್ತು ಬಸ್ಸು. ನವೆಂಬರ್ 1ಕ್ಕೆ ಮುಗಿಯುತ್ತದೆ ಎಂದಿದ್ದ ಕೆಲಸ ಡಿಸೆಂಬರಿಗೆ ದಾಟಿತು.

ಗಡುವನ್ನೇ ನಂಬಬೇಡಿ

ಮೊದಲ ಪಾಠ ಇಲ್ಲೇ ಉಂಟು. ದಾರಿ ಮುಚ್ಚುವ ತಾರೀಕು ಸಾಮಾನ್ಯವಾಗಿ ತಪ್ಪುವುದಿಲ್ಲ, ತೆರೆಯುವ ತಾರೀಕು ತಪ್ಪಬಹುದು. ನವೆಂಬರ್ 1ಕ್ಕೆ ರೈಲು ಬಿಡುತ್ತಾರೆಂದು 3ನೇ ತಾರೀಕಿಗೆ ಬೆಂಗಳೂರಿನಲ್ಲಿ ಮಾತುಕತೆ ಇಟ್ಟುಕೊಂಡರೆ ಕೆಲಸ ಕೆಟ್ಟಿತು. ಹೇಳಿದ ಗಡುವಿಗೆ ಇನ್ನೊಂದು ತಿಂಗಳು ಸೇರಿಸಿ ಲೆಕ್ಕ ಹಾಕುವುದೇ ಕ್ಷೇಮ.

ಇನ್ನೊಂದು ವಿಷಯ ರಿಸರ್ವೇಶನ್. 2024ರ ನವೆಂಬರಿನಿಂದ ರೈಲು ಟಿಕೆಟನ್ನು 60 ದಿನ ಮೊದಲು ಮಾತ್ರ ಕಾದಿರಿಸಬಹುದು, ಮುಂಚೆ ಇದ್ದ 120 ದಿನ ಈಗಿಲ್ಲ. ಹಗಲು ರೈಲು ನಿಂತಾಗ ಎಲ್ಲರ ಕಣ್ಣು ರಾತ್ರಿ ರೈಲಿನ ಮೇಲೆ. ತಿಂಗಳಿಗೆ ಎರಡು ಸಲ ಖಂಡಿತ ಹೋಗಬೇಕಾದವರು ಬುಕಿಂಗ್ ತೆರೆದ ದಿನವೇ ಬರ್ತ್ ಹಿಡಿಯಬೇಕು.

ನಷ್ಟ ಆಗುವುದು ಕೊಂಡಿಯಲ್ಲಿ

ಮುಂಜಾನೆ 7 ಗಂಟೆಗೆ ಮುಂಬೈ ವಿಮಾನ ಇದೆ ಎಂದಿಟ್ಟುಕೊಳ್ಳಿ. 5 ಗಂಟೆಗೆ ನಿಲ್ದಾಣ ಸೇರಬೇಕು. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿ.ಮೀ., ಅಲ್ಲಿಂದ ಮತ್ತೆ ಕೆಂಜಾರು ಗುಡ್ಡಕ್ಕೆ ಹತ್ತಬೇಕು. ನಿಲ್ದಾಣದ ಬಾಗಿಲಿಗೆ ರೈಲಿಲ್ಲ. ಹಾಗಾಗಿ 3 ಗಂಟೆಗೆ ಮನೆ ಬಿಡಬೇಕು. ದಾರಿಯಲ್ಲಿ ಟಯರ್ ಪಂಕ್ಚರ್ ಆದರೆ ಮುಗಿಯಿತು. ಹಿಂದಿನ ರಾತ್ರಿಯೇ ಮಂಗಳೂರಿನ ನೆಂಟರ ಮನೆಯಲ್ಲೋ ಲಾಡ್ಜಿನಲ್ಲೋ ಉಳಿಯುವುದು ದಂಡದ ಖರ್ಚಲ್ಲ.

ಮುಂಬೈಯಲ್ಲಿ ಇಳಿದು ಗಲ್ಫ್ ವಿಮಾನ ಹತ್ತುವವರು ಎರಡನ್ನೂ ಒಂದೇ ಟಿಕೆಟಿನಲ್ಲಿ ತೆಗೆಯುವುದು ಒಳ್ಳೆಯದು. ಬೇರೆ ಬೇರೆ ಟಿಕೆಟ್ ಆದರೆ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದಾಗ ಎರಡನೇ ಕಂಪೆನಿಗೆ ಜವಾಬ್ದಾರಿ ಇರುವುದಿಲ್ಲ. ನಾಲ್ಕು ಕಾಸು ಉಳಿಸಲು ಹೋಗಿ ನಾಲ್ಕು ಸಾವಿರ ಕಳಕೊಳ್ಳುವುದು ಇಲ್ಲೇ. ಕಂಪೆನಿಯೇ ವಿಮಾನ ರದ್ದು ಮಾಡಿದರೆ ಬದಲಿ ವಿಮಾನ ಅಥವಾ ಪೂರ್ತಿ ಹಣ, ಎರಡರಲ್ಲಿ ಒಂದನ್ನು ಕೇಳುವ ಹಕ್ಕು ಪ್ರಯಾಣಿಕರಿಗಿದೆ. ರೈಲ್ವೆಯೇ ರದ್ದು ಮಾಡಿದ ರೈಲಿನ ಟಿಕೆಟ್ ಹಣ ಪೂರ್ತಿ ವಾಪಸ್ ಬರುತ್ತದೆ. ಗಡಿಬಿಡಿಯಲ್ಲಿ ತಾವೇ ಮೊದಲು ಕ್ಯಾನ್ಸಲ್ ಮಾಡಿದರೆ ಹಣ ಕಡಿತವಾಗುತ್ತದೆ.

ಬೆನ್ನ ಹಿಂದೆಯೂ ದಾರಿ ಉಂಟು

ಗಡಿನಾಡಿನವರಿಗೆ ಒಂದು ಅನುಕೂಲವಿದೆ. ಬಡಗಿನ ದಾರಿ ಮುಚ್ಚಿದರೆ ತೆಂಕಿಗೆ ತಿರುಗಬಹುದು. 2018ರ ಡಿಸೆಂಬರ್ 9ರಂದು ತೆರೆದ ಕಣ್ಣೂರು ವಿಮಾನ ನಿಲ್ದಾಣ ಮಟ್ಟನೂರಿನಲ್ಲಿದೆ. ನೀಲೇಶ್ವರ, ಕಾಞಂಗಾಡಿನವರಿಗೆ ಅದು ದೂರವೇನಲ್ಲ. ಕಣ್ಣೂರಿನಿಂದ ಪಾಲಕ್ಕಾಡ್, ಸೇಲಂ ಮೂಲಕ ಯಶವಂತಪುರಕ್ಕೆ ಹೋಗುವ ರೈಲು ಸುಬ್ರಹ್ಮಣ್ಯದ ಘಾಟಿಯನ್ನು ಮುಟ್ಟುವುದೇ ಇಲ್ಲ. ರಸ್ತೆಯಲ್ಲಾದರೆ ಚೆರ್ಕಳ-ಜಾಲ್ಸೂರು ಮಾರ್ಗವಾಗಿ ಸುಳ್ಯ, ಮಡಿಕೇರಿ, ಮೈಸೂರು ಸೇರಬಹುದು. ಮಳೆಗಾಲದಲ್ಲಿ ಮಾತ್ರ ಘಾಟಿ ರಸ್ತೆಯ ಸ್ಥಿತಿ ವಿಚಾರಿಸಿಯೇ ಹೊರಡಬೇಕು.

ಎರಡು ರಾಜ್ಯಗಳ ಕ್ಯಾಲೆಂಡರನ್ನೂ ನೋಡಬೇಕು. ಇಲ್ಲಿ ಹರತಾಳ, ಅಲ್ಲಿ ಬಂದ್. ಹರತಾಳಕ್ಕೆ ಏಳು ದಿನ ಮೊದಲೇ ನೋಟಿಸು ಕೊಡಬೇಕೆಂದು ಕೇರಳ ಹೈಕೋರ್ಟು 2019ರಲ್ಲಿ ಹೇಳಿದೆ. ಆದರೂ ವಿಮಾನದ ಹಿಂದಿನ ದಿನ ಪೇಪರ್ ನೋಡದೆ ಹೊರಡಬಾರದು.

ಎಲ್ಲಕ್ಕಿಂತ ಮೊದಲು, ವ್ಯವಹಾರದ ಎದುರು ಪಾರ್ಟಿಗೆ ವಿಷಯ ತಿಳಿಸಿಡಬೇಕು. ‘ಇಂಥಾ ತಿಂಗಳು ನಮ್ಮ ದಾರಿ ಹೀಗೆ, ಬರುವುದು ಒಂದು ದಿನ ಆಚೀಚೆ ಆದೀತು’ ಎಂದು ಮೊದಲೇ ಬರೆದು ಕಳಿಸಿದರೆ ಅದು ಮಾಹಿತಿ. ಅದನ್ನೇ ತಡವಾದ ಮೇಲೆ ಹೇಳಿದರೆ ನೆಪ ಎನಿಸುತ್ತದೆ. ಫೋನಿನಲ್ಲೇ ಮುಗಿಯುವ ಮಾತಿಗೆ ಪ್ರಯಾಣವೇ ಬೇಡ. ಸರಕು ನೋಡಿ ಸಹಿ ಹಾಕುವ ಕೆಲಸಕ್ಕೆ ಮಾತ್ರ ಹೊರಟರೆ ಸಾಕು.

ಹೇಳದೆ ಕೇಳದೆ ದಾರಿ ಮುಚ್ಚಿದ್ದನ್ನೂ ಈ ಊರು ಕಂಡಿದೆ. 2020ರ ಮಾರ್ಚಿನಲ್ಲಿ ತಲಪಾಡಿಯ ರಸ್ತೆಗೆ ಮಣ್ಣು ಸುರಿದಾಗ ಆಸ್ಪತ್ರೆಗೆ ಹೊರಟವರಿಗೂ ದಾರಿ ಇರಲಿಲ್ಲ. 2024ರ ಜುಲೈ 26ರಂದು ಎಡಕುಮೇರಿ-ಕಡಗರವಳ್ಳಿ ನಡುವೆ ಗುಡ್ಡ ಜರಿದಾಗ ಆ ದಾರಿಯ ರೈಲುಗಳೇ ನಿಂತವು. ಅಂಥದ್ದಕ್ಕೆ ಯಾರೂ ತಯಾರಿ ಮಾಡಲಾರರು. ತಾರೀಕು ಹಾಕಿ, ಪೇಪರಿನಲ್ಲಿ ಕೊಟ್ಟು ಮುಚ್ಚುವ ದಾರಿ ಹಾಗಲ್ಲ. ಸುದ್ದಿ ಬಂದ ದಿನವೇ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಗೆರೆ ಎಳೆದಿಟ್ಟವರಿಗೆ ಕೆಲಸ ಅರ್ಧ ಮುಗಿದಂತೆ.