ಮನೆ ಬಿಟ್ಟ ಇಂದಿರೆ, ಬಸರೂರಿನ ಮಂಜುಳೆ

1899ರಲ್ಲಿ ಟಾಲ್‌ಸ್ಟಾಯ್ ಅವರ ‘ರಿಸರೆಕ್ಷನ್’ ಹೊರಬಂತು. ಅದೇ ವರ್ಷ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಅಚ್ಚಾಯಿತು. ರಷ್ಯಾದ ಕಾದಂಬರಿಯಲ್ಲಿ ಕತ್ಯೂಷಾಳ ಬಾಳು ಕೆಡಿಸಿದ ನೆಖ್ಲ್ಯುದೊವ್ ಪಶ್ಚಾತ್ತಾಪಪಟ್ಟು ಅವಳ ಹಿಂದೆ ಸೈಬೀರಿಯಾಕ್ಕೆ ಹೋಗುತ್ತಾನೆ. ಕರಾವಳಿಯ ಕಾದಂಬರಿಯಲ್ಲಿ ಹಾಗೆ ಪಶ್ಚಾತ್ತಾಪಪಟ್ಟು ಬರುವವರಿಲ್ಲ. ಭಕ್ತಿಯ ವೇಷ ತೊಟ್ಟ ‘ಸಂತ’ರ ಕಾಟಕ್ಕೆ ಹೆತ್ತವರೇ ದಾರಿ ಮಾಡಿಕೊಟ್ಟಾಗ ಬಾಲವಿಧವೆ ಇಂದಿರೆ ಮನೆ ಬಿಟ್ಟು ಅಮೃತರಾಯರ ಆಶ್ರಯ ಸೇರುತ್ತಾಳೆ, ಓದುತ್ತಾಳೆ, ಭಾಸ್ಕರನ ಕೈಹಿಡಿಯುತ್ತಾಳೆ. ಮನೆ ಬಿಟ್ಟ ಹೆಣ್ಣು ಎಂದರೆ ಕೆಟ್ಟವಳು ಎಂದು ಊರು ತೀರ್ಮಾನಿಸುತ್ತಿದ್ದ ಕಾಲದಲ್ಲಿ ವೆಂಕಟರಾಯರು ಕಳಂಕವನ್ನು ಅವಳ ಮೇಲಿಂದ ತೆಗೆದು ಆ ಮನೆಯ ಮೇಲೇ ಹೊರಿಸಿದರು. ಕನ್ನಡ ಕಾದಂಬರಿಯ ಮೊದಲ ದೊಡ್ಡ ಧೈರ್ಯ ಇದೇ ಎಂದು ನನ್ನ ನಂಬಿಕೆ.

ಈ ಧೈರ್ಯಕ್ಕೆ ನೆಲ ಹದವಾಗಿತ್ತು. ವಿಧವಾ ವಿವಾಹಕ್ಕೆ ಕಾನೂನು 1856ರಲ್ಲೇ ಒಪ್ಪಿಗೆ ಕೊಟ್ಟಿತ್ತು, ಜಾತಿ ಮಾತ್ರ ಕೊಟ್ಟಿರಲಿಲ್ಲ. 1870ರಲ್ಲಿ ಉಳ್ಳಾಲ ರಘುನಾಥಯ್ಯನವರು ಮಂಗಳೂರಿನಲ್ಲಿ ಬ್ರಹ್ಮಸಮಾಜ ಕಟ್ಟಿದರು. 1897ರಲ್ಲಿ ಕುದ್ಮುಲ್ ರಂಗರಾಯರು ದಲಿತರಿಗಾಗಿ ಮಿಷನ್ ಆರಂಭಿಸಿ ಸ್ವಜಾತಿಯ ಸಿಟ್ಟನ್ನು ಎದುರಿಸಿದರು. ವೆಂಕಟರಾಯರೂ ರಂಗರಾಯರಂತೆ ಸಾರಸ್ವತ ಸಮಾಜದವರು, ಪೊಲೀಸ್ ಅಧಿಕಾರಿಯಾಗಿದ್ದವರು. ಕಡಲು ದಾಟಿದ ಗಂಡಸಿಗೂ ಆಗ ಬಹಿಷ್ಕಾರ ಕಾದಿರುತ್ತಿತ್ತು. ವಿಲಾಯತಿಗೆ ಹೋಗಿ ಬಂದ ಭಾಸ್ಕರನನ್ನೂ ಹೊಸ್ತಿಲು ದಾಟಿದ ಇಂದಿರೆಯನ್ನೂ ಒಂದೇ ಹಸೆಮಣೆಯಲ್ಲಿ ಕೂರಿಸಿದ್ದು ಆ ಬಹಿಷ್ಕಾರಕ್ಕೆ ಕೊಟ್ಟ ನೇರ ಉತ್ತರ.

ಮಿಷನ್ ಅಚ್ಚುಕೂಟದಿಂದ ಬಂದ ಪುಸ್ತಕವಾದ್ದರಿಂದ ಇದು ಪಾದ್ರಿಗಳ ಪ್ರಚಾರ ಎಂಬ ಆಕ್ಷೇಪ ನಿಲ್ಲುವುದಿಲ್ಲ. ‘ಸದ್ಧರ್ಮವಿಜಯವು’ ಎಂಬ ಇನ್ನೊಂದು ಹೆಸರನ್ನೂ ಹೊತ್ತ ಕಾದಂಬರಿ ಇದು. ಇಂದಿರೆ ಮತಾಂತರವಾಗುವುದಿಲ್ಲ, ತನ್ನ ಧರ್ಮದೊಳಗೇ ನ್ಯಾಯ ಪಡೆಯುತ್ತಾಳೆ. ಇನ್ನೊಂದು ಆಕ್ಷೇಪಕ್ಕೆ ತೂಕ ಹೆಚ್ಚು: ಇಂದಿರೆ ಶೀಲ ಕಳೆದುಕೊಂಡವಳಲ್ಲ. ಕಳೆದುಕೊಂಡಿದ್ದರೆ ವೆಂಕಟರಾಯರು ಅವಳಿಗೆ ಇದೇ ಬಾಳು ಕೊಡುತ್ತಿದ್ದರೇ? ಕೊಡುತ್ತಿರಲಿಲ್ಲ ಎಂದೇ ನನಗನಿಸುತ್ತದೆ. ಆರು ವರ್ಷಗಳ ನಂತರ, 1905ರಲ್ಲಿ, ಬೋಳಾರ ಬಾಬುರಾಯರು ಮಠಾಧಿಪತಿಯ ಸಂಗಾತಿಯಾದ ಹೆಣ್ಣಿನ ಕಥೆಯನ್ನು ‘ವಾಗ್ದೇವಿ’ಯಲ್ಲಿ ಬರೆದರು. ಅಲ್ಲೂ ಲೇಖನಿ ಹರಿತವಾದದ್ದು ಮಠದ ಭ್ರಷ್ಟತೆಯ ವಿರುದ್ಧ. ಆ ಹೆಣ್ಣಿನ ಒಳಗನ್ನು ಕೇಳುವ ವ್ಯವಧಾನ ಆಗಿನ್ನೂ ಬಂದಿರಲಿಲ್ಲ. ಅದಕ್ಕೆ 1970ರವರೆಗೆ, ಶಿವರಾಮ ಕಾರಂತರ ‘ಮೈಮನಗಳ ಸುಳಿಯಲ್ಲಿ’ ಬರುವ ತನಕ ಕಾಯಬೇಕಾಯಿತು. ಅದರ ನಾಯಕಿ ಬಸರೂರಿನ ಮಂಜುಳೆ ಕುಲದ ಸೂಳೆ. ಅವಳನ್ನು ಯಾರೂ ಉದ್ಧರಿಸುವುದಿಲ್ಲ, ಅವಳು ಯಾರ ಕ್ಷಮೆಯನ್ನೂ ಬೇಡುವುದಿಲ್ಲ. ತನ್ನ ಸಂಗೀತ, ತನಗೆ ದಕ್ಕಿದ ಮತ್ತು ದಕ್ಕದ ಒಲವು, ಬಂದುಹೋದ ಗಂಡಸರ ಯೋಗ್ಯತೆ, ಎಲ್ಲವನ್ನೂ ತನ್ನ ಬಾಯಿಂದಲೇ ಹೇಳುತ್ತಾಳೆ.