ಘಾಟಿ ರಸ್ತೆ ಕೇಳುವ ಹೊಸತನ

ಹೊಸ ಕಾರು ನೋಡಲು ಶೋರೂಮಿಗೆ ಹೋದವರಿಗೆ ಮೊದಲು ತೋರಿಸುವುದು ದೊಡ್ಡ ಪರದೆ, ಬಣ್ಣದ ದೀಪ, ಸನ್‌ರೂಫ್. ಸಾಗರ, ಹೊಸನಗರ, ತೀರ್ಥಹಳ್ಳಿಯ ರಸ್ತೆಗಳು ಕೇಳುವುದೇ ಬೇರೆ. ಮಳೆಗಾಲದಲ್ಲಿ ಜಾರುವ ಕೆಮ್ಮಣ್ಣಿನ ದಿಬ್ಬ ಹತ್ತಬೇಕು, ಘಾಟಿಯಲ್ಲಿ ಬ್ರೇಕು ಕೈಕೊಡಬಾರದು, ಕೆಟ್ಟರೆ ಪೇಟೆಯಲ್ಲೇ ರಿಪೇರಿಯಾಗಬೇಕು. ಕಾರಿನಲ್ಲಿ ನಿಜವಾಗಿ ಹೊಸದೇನು ಬಂತು ಎಂಬುದನ್ನು ಇಲ್ಲಿಂದ ಅಳೆಯುವುದೇ ಸರಿ.

ಈ ಪರೀಕ್ಷೆಯಲ್ಲಿ ಎಂದೋ ಪಾಸಾದದ್ದು ಜೀಪು. 1940ರಲ್ಲಿ ಅಮೆರಿಕದ ಸೇನೆಗಾಗಿ ರೂಪುಗೊಂಡ ಈ ಗಾಡಿಯ ಬಿಡಿಭಾಗ ತರಿಸಿ, 1947ರ ಹೊತ್ತಿಗೆ ಮಹೀಂದ್ರ ಕಂಪನಿ ಇಲ್ಲಿ ಜೋಡಿಸತೊಡಗಿತು. ಅದರ ಹೆಚ್ಚುಗಾರಿಕೆ ಇದ್ದದ್ದು ಗೇರಿನ ಪಕ್ಕದ ಸಣ್ಣ ಲಿವರುಗಳಲ್ಲಿ. ಒಂದನ್ನು ಹಾಕಿದರೆ ಇಂಜಿನ್ನಿನ ಶಕ್ತಿ ನಾಲ್ಕೂ ಚಕ್ರಕ್ಕೆ ಹಂಚಿಹೋಗುತ್ತದೆ. ಇನ್ನೊಂದನ್ನು ‘ಲೋ’ಗೆ ಎಳೆದರೆ ಚಕ್ರದ ವೇಗ ಸುಮಾರು ಎರಡೂವರೆ ಪಟ್ಟು ತಗ್ಗಿ, ಎಳೆತ ಹೆಚ್ಚುಕಡಿಮೆ ಅಷ್ಟೇ ಪಟ್ಟು ಏರುತ್ತದೆ. ಹೊಸನಗರ ತಾಲ್ಲೂಕಿನಲ್ಲಿ 1,343 ಮೀಟರ್ ಎತ್ತರದ ಕೊಡಚಾದ್ರಿಗೆ, ಕೊರಕಲು ಬಿದ್ದ ದಾರಿಯಲ್ಲಿ ಜನರನ್ನು ತುಂಬಿಕೊಂಡು ಜೀಪು ಹತ್ತುವುದು ಈ ಬಲದಿಂದಲೇ.

ಸೀಟ್ ಬೆಲ್ಟ್ ಇನ್ನೂ ಸರಳ. ಭುಜ ಮತ್ತು ಸೊಂಟ ಎರಡನ್ನೂ ಒಂದೇ ಪಟ್ಟಿಯಲ್ಲಿ ಹಿಡಿಯುವ ಬೆಲ್ಟನ್ನು ವೋಲ್ವೋ ಕಂಪನಿಯ ಇಂಜಿನಿಯರ್ ನಿಲ್ಸ್ ಬೋಲಿನ್ 1959ರಲ್ಲಿ ಕಾರಿಗೆ ತಂದರು. ಪೇಟೆಂಟ್ ಕೈಯಲ್ಲಿದ್ದರೂ ಕಂಪನಿ ಅದನ್ನು ಬೇರೆ ತಯಾರಕರಿಗೂ ಮುಕ್ತವಾಗಿ ಬಿಟ್ಟುಕೊಟ್ಟಿತು. ಆ ಔದಾರ್ಯವೂ ಆವಿಷ್ಕಾರದ ಭಾಗವೇ. ದುಬಾರಿ ಕಾರಿನಲ್ಲಷ್ಟೇ ಉಳಿದಿದ್ದರೆ ಅದು ಉಳಿಸುತ್ತಿದ್ದ ಜೀವಗಳೆಷ್ಟು? ಚಕ್ರ ಲಾಕ್ ಆಗಿ ಗಾಡಿ ಜಾರದಂತೆ, ಸೆಕೆಂಡಿಗೆ ಹಲವು ಸಲ ಬ್ರೇಕು ಬಿಟ್ಟು ಹಿಡಿಯುವ ಎಬಿಎಸ್ ಕೂಡ ದುಬಾರಿ ಕಾರುಗಳಾಚೆಗೆ ಹರಡಿತು. 2019ರ ಏಪ್ರಿಲ್‌ನಿಂದ ಭಾರತದ ಹೊಸ ಕಾರುಗಳಿಗೆಲ್ಲ ಅದು ಕಡ್ಡಾಯ.

ಈಗಿನ ದೊಡ್ಡ ಬದಲಾವಣೆ ವಿದ್ಯುತ್ ಕಾರು. ಅದರ ಒಂದು ಕವಲು ನಮ್ಮ ಬೆಂಗಳೂರಿನದೇ. ಚೇತನ್ ಮೈನಿ 2001ರಲ್ಲಿ ಮಾರುಕಟ್ಟೆಗೆ ತಂದ ‘ರೇವಾ’ ಲಂಡನ್ನಿನ ಬೀದಿಗಳಲ್ಲೂ ಓಡಿತು. 2010ರಲ್ಲಿ ಕಂಪನಿ ಮಹೀಂದ್ರದ ಪಾಲಾಯಿತು. ರೇವಾದ್ದು ಸೀಸದ ಬ್ಯಾಟರಿ, ಒಂದು ಚಾರ್ಜಿಗೆ ಸುಮಾರು 80 ಕಿಲೋಮೀಟರ್. ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿ ಮುಟ್ಟುವಷ್ಟರಲ್ಲಿ ಬಹುಪಾಲು ಬರಿದಾಗುವಷ್ಟೇ ಕಸುವು. ಆದರೂ ದೊಡ್ಡ ಕಂಪನಿಗಳು ಹಿಂದೆಮುಂದೆ ನೋಡುತ್ತಿದ್ದ ಕಾಲದಲ್ಲಿ ರಸ್ತೆಗಿಳಿದ ಗಾಡಿ ಅದು. ಅದಕ್ಕೆ ಸಲ್ಲಬೇಕಾದಷ್ಟು ಗೌರವ ಕರ್ನಾಟಕದಲ್ಲೇ ಸಂದಿಲ್ಲ.

ವಿದ್ಯುತ್ ಕಾರಿನ ಗುಣ ಕಾಣಬೇಕಾದರೆ ಆಗುಂಬೆ ಘಾಟಿ ಇಳಿಯಬೇಕು. ತಿರುವಿನ ಮೇಲೆ ತಿರುವು. ಕಾಲು ಬ್ರೇಕಿನ ಮೇಲೆಯೇ ಇದ್ದರೆ ಬ್ರೇಕು ಕಾಯ್ದು, ಸುಟ್ಟ ವಾಸನೆ ಬಂದು ಹಿಡಿತ ಸಡಿಲವಾಗುತ್ತದೆ. ಅದಕ್ಕೇ ಅನುಭವಸ್ಥ ಚಾಲಕರು ಇಳಿಯುವಾಗಲೂ ಸೆಕೆಂಡ್ ಗೇರಿನಲ್ಲೇ ಗಾಡಿ ಹಿಡಿಯುವುದು. ವಿದ್ಯುತ್ ಕಾರಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಮೋಟರೇ ಜನರೇಟರ್ ಆಗಿ ವೇಗ ತಗ್ಗಿಸುತ್ತದೆ, ಬ್ಯಾಟರಿಗೆ ಕರೆಂಟು ತುಂಬುತ್ತದೆ. ಒಂದೂವರೆ ಟನ್ನಿನ ಕಾರು 500 ಮೀಟರ್ ಎತ್ತರ ಇಳಿದರೆ ಸುಮಾರು 2 ಯೂನಿಟ್ ವಿದ್ಯುತ್ತಿಗೆ ಸಮನಾದ ಶಕ್ತಿ ಬಿಡುಗಡೆಯಾಗುತ್ತದೆ. ಅದರಲ್ಲಿ ಒಂದಷ್ಟು ಪಾಲು ಹೀಗೆ ಮರಳಿ ಸಿಗುತ್ತದೆ. ಶರಾವತಿಯ ನೀರು ಎತ್ತರದಿಂದಿಳಿದು ಕರೆಂಟಾಗುವುದೂ ಇದೇ ನಿಯಮದಿಂದ. ಒಂದು ಎಚ್ಚರ ಬೇಕು: ಬ್ಯಾಟರಿ ಪೂರ್ತಿ ತುಂಬಿದ್ದರೆ ಈ ಕರೆಂಟಿಗೆ ಜಾಗವಿರದು, ಮೋಟರಿನ ಹಿಡಿತವೂ ಕಡಿಮೆಯಾಗುತ್ತದೆ. ಘಾಟಿಯ ತಲೆಯಲ್ಲಿ ನೂರಕ್ಕೆ ನೂರು ಚಾರ್ಜ್ ಮಾಡಿಕೊಂಡು ಇಳಿಯುವುದು ಒಳ್ಳೆಯದಲ್ಲ.

ಶೋರೂಮಿನಲ್ಲಿ ಮೊದಲು ತೋರಿಸುವ ಆ ದೊಡ್ಡ ಪರದೆಯ ಮೋಹವೂ ಬೇರೆ ಕಡೆ ಇಳಿಯುತ್ತಿದೆ. ವೈಪರ್, ಹಾರ್ನ್, ಇಂಡಿಕೇಟರಿನಂಥವಕ್ಕೆ ಕೈಗೆ ಸಿಗುವ ಗುಂಡಿ ಅಥವಾ ಲಿವರ್ ಇದ್ದರೆ ಮಾತ್ರ ಪೂರ್ಣ ಅಂಕ ಎಂಬ ನಿಲುವಿಗೆ ಯುರೋಪಿನ ಸುರಕ್ಷತಾ ಸಂಸ್ಥೆ ‘ಯೂರೋ ಎನ್‌ಕ್ಯಾಪ್’ 2026ರಿಂದ ಬಂದಿದೆ.

ಇನ್ನು ಬಾಕಿಯಿರುವುದು ರಿಪೇರಿಯ ಪ್ರಶ್ನೆ. ಹಳೆಯ ಜೀಪಿನ ಗೇರ್‌ಬಾಕ್ಸನ್ನು ಊರಿನ ಮೆಕ್ಯಾನಿಕ್ಕೇ ಬಿಚ್ಚಿ ಜೋಡಿಸಬಲ್ಲ. ಇಂದಿನ ವಿದ್ಯುತ್ ಕಾರುಗಳ ಬ್ಯಾಟರಿಯಲ್ಲಿ 300 ವೋಲ್ಟಿಗೂ ಮೇಲ್ಪಟ್ಟ ಒತ್ತಡವಿರುವುದು ಸಾಮಾನ್ಯ. ತರಬೇತಿಯಿಲ್ಲದೆ ಅದನ್ನು ಮುಟ್ಟುವಂತಿಲ್ಲ. ಕೆಟ್ಟ ಭಾಗವನ್ನಷ್ಟೇ ಬದಲಿಸಬಹುದಾದ ಬ್ಯಾಟರಿ, ದೋಷ ಪತ್ತೆಯ ಸಾಫ್ಟ್‌ವೇರ್, ಅದರ ತರಬೇತಿ ಇವೆಲ್ಲ ತಾಲ್ಲೂಕು ಕೇಂದ್ರದ ಗ್ಯಾರೇಜಿಗೂ ಸಿಗುವಂತೆ ಕಂಪನಿಗಳು ಮಾಡಬೇಕು. ಮಲೆನಾಡಿನ ಗ್ರಾಹಕ ಕಾರು ಬುಕ್ ಮಾಡುವ ಮುಂಚೆ ಕೇಳಬೇಕಾದದ್ದೂ ಇದನ್ನೇ.