ಮಕ್ಕಳಿರೋ ಮನೆಗೆ ಯಾವ ನಾಯಿ? ತಳಿ ಕೇಳೋ ಮುಂಚೆ ಹಾಕಬೇಕಾದ ಲೆಕ್ಕ

ಈ ವಾರದ ವಿಷಯ ನೀವೇ ಕೊಟ್ಟಿದ್ದು. ಕಳೆದ ಒಂದು ತಿಂಗಳಿಂದ ಬಂದ ವಾಯ್ಸ್ ನೋಟ್‌ಗಳಲ್ಲಿ ಪದೇ ಪದೇ ಇದೇ ಪ್ರಶ್ನೆ: ‘ಅಕ್ಕಾ, ಮನೇಲಿ ಚಿಕ್ಕ ಮಕ್ಕಳಿದ್ದಾರೆ, ಯಾವ ಬ್ರೀಡ್ ತಗೊಳ್ಳೋದು?’ ಲ್ಯಾಬ್ರಡಾರಾ, ಗೋಲ್ಡನ್ನಾ, ಬೀಗಲ್ಲಾ? ಒಬ್ಬರಂತೂ ಇವತ್ತು ಸಂಜೆನೇ ಅಡ್ವಾನ್ಸ್ ಕೊಡ್ಬೇಕು, ಬೇಗ ಹೇಳಿ ಅಂದ್ರು. ಅಡ್ವಾನ್ಸ್ ಕೊಡ್ಬೇಡಿ, ಭಾನುವಾರದ ಕಂತು ಕೇಳಿ ಅಂತ ಅವರಿಗೆ ಉತ್ತರ ಕಳಿಸಿದೀನಿ. ಆ ಕಂತು ಇದೇ.

ನಾನು ಓದಿದ್ದು ಬಿ.ಕಾಂ. ಆದ್ದರಿಂದ ಮೊದಲು ಲೆಕ್ಕ. ನಾಯಿಮರಿಯ ರೇಟು ಕೇಳಿದಾಗ ನಮ್ಮ ತಲೇಲಿ ಓಡೋದು ಆ ಒಂದು ಸಲದ ಖರ್ಚು ಮಾತ್ರ. ಅದು ಡೌನ್ ಪೇಮೆಂಟ್ ಅಷ್ಟೇ. ನಾಯಿ ಸುಮಾರು 12 ವರ್ಷ ಬದುಕುತ್ತೆ ಅಂತ ಇಟ್ಕೊಳ್ಳಿ. ದಿನಕ್ಕೆ ಎರಡು ಸಲ ವಾಕಿಂಗ್ ಅಂದ್ರೆ 12 ವರ್ಷಕ್ಕೆ 8,760 ಸಲ. ಮಳೆ ಇದ್ರೂ ಹೋಗಬೇಕು, ಮನೇಲಿ ಜ್ವರ ಇದ್ರೂ ಹೋಗಬೇಕು, ಹಬ್ಬದ ದಿನ ಹೋಳಿಗೆ ತಟ್ತಾ ಇದ್ರೂ ಹೋಗಬೇಕು. ಇನ್ನು ಊಟ. 30 ಕೆ.ಜಿ. ತೂಗೋ ನಾಯಿಗೆ ದಿನಕ್ಕೆ ಸುಮಾರು 350 ಗ್ರಾಂ ಒಣ ಆಹಾರ ಬೇಕು, ಅಂದ್ರೆ ತಿಂಗಳಿಗೆ ಹತ್ತೂವರೆ ಕೆ.ಜಿ. ನಿಮ್ಮ ಏರಿಯಾದ ಅಂಗಡಿಯ ರೇಟಿಗೆ ಅದನ್ನ ಗುಣಿಸಿ ನೋಡಿ. ಮೇಲೆ ಲಸಿಕೆ, ಜಂತುಹುಳುವಿನ ಔಷಧಿ, ಉಣ್ಣೆ ಹುಳಕ್ಕೆ ಔಷಧಿ, ಊರಿಗೆ ಹೋದಾಗ ನಾಯಿಯನ್ನ ಬಿಟ್ಟು ಹೋಗೋ ಬೋರ್ಡಿಂಗ್ ಖರ್ಚು.

ಇನ್ನೊಂದು ಸಣ್ಣ ಲೆಕ್ಕ. ‘ನಾಯಿ ನಾನೇ ನೋಡ್ಕೋತೀನಿ’ ಅಂತ ಹಠ ಮಾಡ್ತಿರೋ ನಿಮ್ಮ ಮಗಳಿಗೆ ಈಗ 6 ವರ್ಷ ಅಂದ್ರೆ, ನಾಯಿ ಮುದಿಯಾಗಿ ಮೆಟ್ಟಿಲು ಹತ್ತಲಾರದೆ ಕೂತಾಗ ಅವಳಿಗೆ 18. ಅವಳು ಹಾಸ್ಟೆಲ್‌ನಲ್ಲಿರ್ತಾಳೆ. ಹಾಗಾಗಿ ನಾಯಿ ತರೋದು ಮಗುವಿಗಾಗಿ ಅಂತ ಹೇಳಿದ್ರೂ ಸಾಕೋದು ದೊಡ್ಡವರೇ. ಮನೆಯ ಯಾವ ದೊಡ್ಡವರು ಅನ್ನೋದು ಮೊದಲೇ ತೀರ್ಮಾನ ಆಗಿರಲಿ. ಸಾಮಾನ್ಯವಾಗಿ ಅದು ಅಮ್ಮನ ತಲೆಗೆ ಬೀಳುತ್ತೆ, ಮತ್ತು ಸಾಮಾನ್ಯವಾಗಿ ಅವರನ್ನ ಯಾರೂ ಕೇಳಿರಲ್ಲ.

ಸರಿ, ತಳಿಗೆ ಬರೋಣ. ಲ್ಯಾಬ್ರಡಾರ್ ಅಂದ್ರೆ ಪಾಪದ ನಾಯಿ, ರಾಟ್‌ವೈಲರ್ ಅಂದ್ರೆ ಕಚ್ಚೋ ನಾಯಿ ಅಂತ ನಾವೆಲ್ಲ ನಂಬಿದೀವಿ. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅಮೆರಿಕದ ವಿಜ್ಞಾನಿಗಳ ಒಂದು ಅಧ್ಯಯನ ಬಂತು. 18 ಸಾವಿರಕ್ಕೂ ಹೆಚ್ಚು ನಾಯಿಗಳ ಬಗ್ಗೆ ಅವುಗಳ ಮಾಲೀಕರನ್ನ ಪ್ರಶ್ನೆ ಕೇಳಿ, ಎರಡು ಸಾವಿರಕ್ಕೂ ಹೆಚ್ಚು ನಾಯಿಗಳ ಡಿಎನ್ಎ ನೋಡಿದ್ರು. ಒಂದು ನಾಯಿಯ ವರ್ತನೆ ಇನ್ನೊಂದು ನಾಯಿಗಿಂತ ಬೇರೆ ಇರೋದಕ್ಕೆ ತಳಿಯಿಂದ ಸಿಗೋ ವಿವರಣೆ ಶೇ 9ರಷ್ಟು ಮಾತ್ರ ಅಂತ ಗೊತ್ತಾಯ್ತು. ಹೇಳಿದ ಮಾತು ಎಷ್ಟು ಕೇಳುತ್ತೆ ಅನ್ನೋದ್ರಲ್ಲಿ ತಳಿಯ ಪಾತ್ರ ಸ್ವಲ್ಪ ಕಾಣುತ್ತೆ. ಆದರೆ ಎಷ್ಟು ಬೇಗ ರೇಗುತ್ತೆ ಅನ್ನೋದನ್ನ ತಳಿ ನೋಡಿ ಹೇಳೋಕೆ ಹೆಚ್ಚುಕಮ್ಮಿ ಆಗಲ್ಲ.

ಹಾಗಂತ ತಳಿ ಲೆಕ್ಕಕ್ಕೇ ಇಲ್ಲ ಅಂತಲ್ಲ. ನಾಯಿ ಎಷ್ಟು ದೊಡ್ಡದಾಗುತ್ತೆ, ಎಷ್ಟು ಕೂದಲು ಉದುರುತ್ತೆ, ಬಿಸಿಲು ತಡೆಯುತ್ತಾ, ದಿನಕ್ಕೆ ಎಷ್ಟು ಓಡಬೇಕು, ಯಾವ ಕಾಯಿಲೆ ಬರಬಹುದು ಅನ್ನೋದಕ್ಕೆ ತಳಿ ಒಳ್ಳೇ ಸುಳಿವು. ನಿಮ್ಮ ಮಗುವಿನ ಜೊತೆ ಹೇಗಿರುತ್ತೆ ಅನ್ನೋದಕ್ಕೆ ಆ ನಾಯಿಯನ್ನೇ ನೋಡಬೇಕು.

ಈ ಕಣ್ಣಲ್ಲಿ ಒಂದೊಂದಾಗಿ ನೋಡಿ. ಲ್ಯಾಬ್ರಡಾರ್ ನಿಜಕ್ಕೂ ಜನರನ್ನ ಇಷ್ಟಪಡೋ ನಾಯಿ. ‘777 ಚಾರ್ಲಿ’ ನೋಡಿ ಅತ್ತವರಿಗೆ ಅದನ್ನ ಹೇಳೋದೇ ಬೇಡ. (ಆ ಸಿನಿಮಾ ಕೆಟ್ಟ ಬ್ರೀಡರ್‌ಗಳ ಬಗ್ಗೆ ಹೇಳಿದ್ದು ಮಾತ್ರ ಎಷ್ಟೋ ಜನರಿಗೆ ಮರೆತೇ ಹೋಗಿದೆ.) ಆದರೆ ಲ್ಯಾಬ್ ಬೆಳೆದು 25ರಿಂದ 35 ಕೆ.ಜಿ. ಆಗುತ್ತೆ. ಮೂರು ವರ್ಷದ ಮಗುವಿನ ತೂಕ 14 ಕೆ.ಜಿ. ಆಸುಪಾಸು. ಪ್ರೀತಿಯಿಂದ ಓಡಿ ಬಂದ್ರೂ ಮಗು ನೆಲಕ್ಕೆ ಬೀಳುತ್ತೆ. ದೇಹ ಬೆಳೆದ ಮೇಲೂ ಎರಡು ವರ್ಷದ ತನಕ ಬುದ್ಧಿ ಮರಿಯದ್ದೇ. ಲ್ಯಾಬ್‌ಗಳಲ್ಲಿ ಸುಮಾರು ನಾಲ್ಕಕ್ಕೆ ಒಂದರಲ್ಲಿ ಹಸಿವು ಹೆಚ್ಚಿಸೋ ಒಂದು ಜೀನ್ ವ್ಯತ್ಯಾಸ ಇದೆ ಅಂತ ಕೇಂಬ್ರಿಡ್ಜ್‌ನವರು 2016ರಲ್ಲಿ ಕಂಡುಹಿಡಿದ್ರು. ಮಗುವಿನ ಕೈಲಿರೋ ಬಿಸ್ಕೆಟ್ ಕಡೆ ಅದು ಹಂಗ್ಯಾಕೆ ನೋಡುತ್ತೆ ಅನ್ನೋದಕ್ಕೆ ಇದೂ ಒಂದು ಕಾರಣ.

ಬೀಗಲ್ ಸೈಜ್ ಸರಿ, ಮುಖ ಮುದ್ದು. ಆದರೆ ಅದನ್ನ ಬೆಳೆಸಿದ್ದು ಗುಂಪಲ್ಲಿ ಮೊಲದ ವಾಸನೆ ಹಿಡ್ಕೊಂಡು ಊಳಿಡುತ್ತಾ ಓಡೋಕೆ. ಗಂಡ ಹೆಂಡತಿ ಇಬ್ರೂ ಆಫೀಸಿಗೆ, ಮಕ್ಕಳು ಸ್ಕೂಲಿಗೆ ಹೋಗೋ ಎರಡು ಬೆಡ್‌ರೂಮ್ ಫ್ಲಾಟ್‌ನಲ್ಲಿ ಅದನ್ನ ಒಂಟಿಯಾಗಿ ಬಿಟ್ರೆ ಏನಾಗುತ್ತೆ ಅಂತ ನಿಮ್ಮ ಅಪಾರ್ಟ್‌ಮೆಂಟ್‌ನ ವಾಟ್ಸ್‌ಆಪ್ ಗ್ರೂಪ್ ಹೇಳುತ್ತೆ. ಪಗ್ ಮೊಬೈಲ್ ಕಂಪನಿಯ ಜಾಹೀರಾತಿನಿಂದ ನಮ್ಮ ಮನೆಗಳಿಗೆ ಬಂದ ನಾಯಿ. ನಾಯಿಗಳು ಮೈ ತಂಪು ಮಾಡ್ಕೊಳ್ಳೋದು ಮುಖ್ಯವಾಗಿ ಏದುಸಿರು ಬಿಟ್ಟು. ಪಗ್‌ನ ಚಪ್ಪಟೆ ಮೂತಿಯಲ್ಲಿ ಗಾಳಿ ಸರಾಗವಾಗಿ ಹೋಗಲ್ಲ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಮಕ್ಕಳ ಜೊತೆ ಮಧ್ಯಾಹ್ನ ಓಡಾಡಿದ್ರೆ ಅದರ ಪ್ರಾಣಕ್ಕೇ ಕುತ್ತು. ಹಸ್ಕಿ ಬಗ್ಗೆ ಒಂದೇ ಮಾತು: ಸೈಬೀರಿಯಾದ ಹಿಮದಲ್ಲಿ ಗಾಡಿ ಎಳೆದ ನಾಯಿ ಅದು, ಬಿಟ್ಟುಬಿಡಿ. ನಮ್ಮಲ್ಲಿ ಪಮೇರಿಯನ್ ಅಂತ ಕರೆಯೋ ಬಿಳಿ ನಾಯಿಗಳಲ್ಲಿ ಹೆಚ್ಚಿನವು ಇಂಡಿಯನ್ ಸ್ಪಿಟ್ಜ್. ನಮ್ಮ ಹವಾಮಾನಕ್ಕೆ ಒಗ್ಗಿದೆ, ಊಟ ಕಮ್ಮಿ, ಬೊಗಳೋದು ಜಾಸ್ತಿ. ಚಿಕ್ಕ ನಾಯಿ ಆದ್ದರಿಂದ ಎರಡು ವರ್ಷದ ಮಗು ಎತ್ತಿ ಹಾಕಬಹುದು, ಮೇಲೆ ಬೀಳಬಹುದು. ಅದಕ್ಕೆ ನೋವಾದಾಗ ತಪ್ಪಿಸಿಕೊಳ್ಳೋಕೆ ಇರೋದು ಹಲ್ಲು ಮಾತ್ರ.

ಮುಧೋಳದ ಬಗ್ಗೆ ತುಂಬಾ ಜನ ಕೇಳಿದ್ರಿ. ನಮ್ಮ ಬಾಗಲಕೋಟೆ ಜಿಲ್ಲೆಯ ನಾಯಿ, 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂತು, ಸೇನೆಯೂ ತರಬೇತಿ ಕೊಟ್ಟಿದೆ. ಹೆಮ್ಮೆ ಪಡೋಣ. ಆದರೆ ಅದು ಕಣ್ಣಿಗೆ ಕಂಡದ್ದನ್ನ ಅಟ್ಟಿಸಿಕೊಂಡು ಹೋಗೋ ಬೇಟೆ ನಾಯಿ. ತೆಳು ಚರ್ಮ, ಹೊಸಬರು ಮೈ ಮುಟ್ಟೋದು ಸಾಮಾನ್ಯವಾಗಿ ಇಷ್ಟ ಆಗಲ್ಲ. ಬೇಲಿ ಇರೋ ತೋಟದ ಮನೆ, ಹತ್ತು ಹನ್ನೆರಡು ವರ್ಷದ ಮಕ್ಕಳು ಅಂದ್ರೆ ಚೆಂದ. ಮೂರನೇ ಮಹಡಿ, ಅಂಬೆಗಾಲಿಡೋ ಮಗು ಅಂದ್ರೆ ನಾಯಿಗೂ ಕಷ್ಟ, ನಿಮಗೂ ಕಷ್ಟ.

‘ಬ್ಯಾನ್ ಆಗಿರೋ ತಳಿಗಳು’ ಅಂತ ಒಂದು ಫಾರ್ವರ್ಡ್ ಇನ್ನೂ ಓಡಾಡ್ತಿದೆ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಪಿಟ್‌ಬುಲ್, ರಾಟ್‌ವೈಲರ್ ಸೇರಿ 23 ತಳಿಗಳನ್ನ ನಿಷೇಧಿಸಿ ಅಂತ ರಾಜ್ಯಗಳಿಗೆ ಪತ್ರ ಬರೆದಿತ್ತು. ಮುಂದಿನ ತಿಂಗಳೇ ನಮ್ಮ ಕರ್ನಾಟಕ ಹೈಕೋರ್ಟ್ ಆ ಸುತ್ತೋಲೆಯನ್ನ ರದ್ದು ಮಾಡ್ತು. ಕಾನೂನು ಏನೇ ಇರಲಿ, ಅಷ್ಟು ಬಲದ ನಾಯಿಯನ್ನ ಮೊದಲನೇ ಸಲ ಸಾಕೋರು, ಅದೂ ಚಿಕ್ಕ ಮಕ್ಕಳ ಮನೆಗೆ ತರಬೇಡಿ ಅನ್ನೋದು ನನ್ನ ಅಭಿಪ್ರಾಯ. ಅದು ರೇಗೋ ಸಾಧ್ಯತೆ ಹೆಚ್ಚು ಅಂತಲ್ಲ, ರೇಗಿದ ದಿನ ಆಗೋ ನಷ್ಟ ಹೆಚ್ಚು. ಇನ್ಶೂರೆನ್ಸ್‌ನವರು ರಿಸ್ಕ್ ನೋಡೋದೂ ಹೀಗೇ.

ಈಗ ಈ ಕಂತಿನ ಮುಖ್ಯ ಭಾಗ, ಇಯರ್‌ಫೋನ್ ಸರಿ ಹಾಕ್ಕೊಳ್ಳಿ. ಚಿಕ್ಕ ಮಕ್ಕಳಿಗೆ ನಾಯಿ ಕಚ್ಚೋ ಪ್ರಕರಣಗಳಲ್ಲಿ ಬೀದಿಯ ಅಪರಿಚಿತ ನಾಯಿಗಳಷ್ಟೇ ಅಲ್ಲ, ಮಗುವಿಗೆ ಚೆನ್ನಾಗಿ ಗೊತ್ತಿರೋ ಮನೆ ನಾಯಿಗಳೂ ಇರ್ತವೆ. ಗಾಯ ಆಗೋದು ಹೆಚ್ಚಾಗಿ ಮುಖ, ಕುತ್ತಿಗೆಗೆ. ಯಾಕಂದ್ರೆ ಮಗುವಿನ ಮುಖ ನಾಯಿಯ ಬಾಯಿಯ ಎತ್ತರದಲ್ಲೇ ಇರುತ್ತೆ, ಜೊತೆಗೆ ಮಕ್ಕಳು ತಬ್ಬಿಕೊಳ್ತಾರೆ. ನಮಗೆ ಅಪ್ಪುಗೆ ಪ್ರೀತಿ. ಎಷ್ಟೋ ನಾಯಿಗಳಿಗೆ ಅದು ಸಿಕ್ಕಿಹಾಕಿಕೊಂಡ ಹಾಗೆ.

ನಾಯಿ ಇದ್ದಕ್ಕಿದ್ದಂತೆ ಕಚ್ಚಿಬಿಡ್ತು ಅಂತೀವಲ್ಲ, ಅದಕ್ಕೆ ಮುಂಚೆ ಅದು ಸಾಮಾನ್ಯವಾಗಿ ನಾಲ್ಕೈದು ಸಲ ಹೇಳಿರುತ್ತೆ. ನಿದ್ದೆ ಬರದಿದ್ರೂ ಆಕಳಿಸುತ್ತೆ. ತಿಂಡಿ ಇಲ್ಲದಿದ್ರೂ ತುಟಿ ನೆಕ್ಕುತ್ತೆ. ಮುಖ ಆ ಕಡೆ ತಿರುಗಿಸುತ್ತೆ, ಕಣ್ಣಿನ ಬಿಳಿ ಭಾಗ ಕಾಣುತ್ತೆ. ಎದ್ದು ಬೇರೆ ಕಡೆ ಹೋಗುತ್ತೆ. ಕೊನೆಗೆ ಮೈಯೆಲ್ಲ ಬಿಗಿ ಮಾಡಿ ಕಲ್ಲಿನ ಥರ ನಿಲ್ಲುತ್ತೆ. ಆಮೇಲೆ ಗುರ್ ಅನ್ನುತ್ತೆ. ಗುರ್ ಅಂದಿದ್ದಕ್ಕೆ ಹೊಡೀಬೇಡಿ. ಹೊಡೆದ್ರೆ ಅದು ಗುರ್ ಅನ್ನೋದನ್ನ ಬಿಟ್ಟು ಮುಂದಿನ ಸಲ ನೇರ ಕಚ್ಚೋದನ್ನ ಕಲಿಯುತ್ತೆ. ರೀಲ್ಸ್‌ನಲ್ಲಿ ನಾಯಿಯ ಮೇಲೆ ಮಗು ಸವಾರಿ ಮಾಡೋ ವಿಡಿಯೋ ಬಂದ್ರೆ ಈ ಪಟ್ಟಿ ಇಟ್ಕೊಂಡು ಸೌಂಡ್ ಆಫ್ ಮಾಡಿ ನೋಡಿ. ಲೈಕ್ ಒತ್ತೋಕೆ ಮನಸ್ಸು ಬರಲ್ಲ.

ಹಾಗಾಗಿ ಐದಾರು ವರ್ಷದೊಳಗಿನ ಮಗು ಮತ್ತು ನಾಯಿಯನ್ನ, ಯಾವ ತಳಿಯೇ ಆಗಿರಲಿ, ಇಬ್ಬರನ್ನೇ ಬಿಡಬಾರದು. ಅದೇ ಸೋಫಾದಲ್ಲಿ ಕೂತು ಫೋನ್ ಸ್ಕ್ರಾಲ್ ಮಾಡೋದನ್ನ ನೋಡಿಕೊಳ್ಳೋದು ಅಂತ ಲೆಕ್ಕ ಹಿಡಿಯೋಕಾಗಲ್ಲ. ನಾಯಿ ಊಟ ಮಾಡುವಾಗ, ಮಲಗಿದ್ದಾಗ ಮಗು ಹತ್ತಿರ ಹೋಗಬಾರದು. ಮಗು ಬರಲಾಗದ ಒಂದು ಮೂಲೆ ನಾಯಿಗೆ ಇರಲೇಬೇಕು.

ರೇಬೀಸ್ ವಿಷಯ ಬಿಡೋ ಹಾಗಿಲ್ಲ. ಲಕ್ಷಣ ಕಾಣಿಸಿಕೊಂಡ ಮೇಲೆ ಅದರಿಂದ ಬದುಕುಳಿಯೋದು ಇಲ್ಲ ಅನ್ನೋಷ್ಟು ಅಪರೂಪ. ಮರಿಗೆ ರೇಬೀಸ್ ಲಸಿಕೆ ಸಾಮಾನ್ಯವಾಗಿ ಮೂರು ತಿಂಗಳಿಗೆ, ಆಮೇಲೆ ಡಾಕ್ಟರ್ ಹೇಳಿದ ಹಾಗೆ ಬೂಸ್ಟರ್. ಅಂದ್ರೆ ಮುದ್ದಾದ ಎರಡು ತಿಂಗಳ ಮರಿಗೆ ಇನ್ನೂ ರಕ್ಷಣೆ ಇರಲ್ಲ. ಮಗುವಿಗೆ ಕಚ್ಚಿದ್ರೆ, ಉಗುರು ಪರಚಿ ರಕ್ತ ಬಂದ್ರೂ ಸಹ, ತಕ್ಷಣ ಹರಿಯೋ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೀರಿ. ಅರಿಶಿನ, ಸುಣ್ಣ, ಖಾರದ ಪುಡಿ ಹಚ್ಚಬೇಡಿ. ನೇರ ಆಸ್ಪತ್ರೆಗೆ ಹೋಗಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಲಸಿಕೆ ಸಿಗುತ್ತೆ, ಗಾಯ ಆಳ ಇದ್ರೆ ಗಾಯದ ಸುತ್ತ ಕೊಡೋ ಇಮ್ಯುನೋಗ್ಲಾಬ್ಯುಲಿನ್ ಬಗ್ಗೆಯೂ ಕೇಳಿ. ಎಲ್ಲಾ ಡೋಸ್ ಮುಗಿಸಿ. ಇನ್ನೊಂದು, ನಾಯಿ ಪರಚಿದ್ರೆ ಬೈಯಲ್ಲ ಅಂತ ಮಕ್ಕಳಿಗೆ ಇವತ್ತೇ ಹೇಳಿ. ಬೈಗುಳಕ್ಕೆ ಹೆದರಿ ಮುಚ್ಚಿಟ್ಟ ಗಾಯವೇ ಅಪಾಯ.

ಇಷ್ಟೆಲ್ಲ ಕೇಳಿದ ಮೇಲೂ ನಾಯಿ ಬೇಕು ಅನ್ನೋರಿಗೆ (ಬೇಕು ಅನ್ನಿ, ನಾನೂ ನಾಯಿ ಪಕ್ಷದವಳೇ) ನನ್ನ ಶಿಫಾರಸು ತಳಿಯ ಹೆಸರಲ್ಲ, ವಯಸ್ಸು. ಎರಡರಿಂದ ನಾಲ್ಕು ವರ್ಷದ, ಮಕ್ಕಳ ಜೊತೆ ಇದ್ದು ಅಭ್ಯಾಸ ಇರೋ ದೊಡ್ಡ ನಾಯಿ. ಮರಿ ತಂದ್ರೆ ಮಗು ಜೊತೆ ಬೆಳೆಯುತ್ತೆ ಅಂತ ಎಲ್ಲರ ಆಸೆ. ಆದರೆ ಆರೇಳು ತಿಂಗಳ ತನಕ ಮರಿ ಸೂಜಿಯಂಥ ಹಲ್ಲಲ್ಲಿ ಸಿಕ್ಕಿದ್ದೆಲ್ಲ ಕಚ್ಚುತ್ತೆ, ಮನೆ ತುಂಬ ಉಚ್ಚೆ ಹೊಯ್ಯುತ್ತೆ, ಮುಂದೆ ಹೇಗಾಗುತ್ತೆ ಅಂತ ಯಾರಿಗೂ ಹೇಳೋಕಾಗಲ್ಲ. ದೊಡ್ಡ ನಾಯಿ ಅಂದ್ರೆ ಸರ್ವಿಸ್ ರೆಕಾರ್ಡ್ ಇರೋ ಸೆಕೆಂಡ್ ಹ್ಯಾಂಡ್ ಬೈಕ್ ಥರ. ಓಡಿಸಿ ನೋಡಿ ತಗೋಬಹುದು. ಬೆಂಗಳೂರಿನ ಕ್ಯೂಪಾದಂಥ ಸಂಸ್ಥೆಗಳಿಂದ ದತ್ತು ಪಡೀಬಹುದು. ಅಲ್ಲಿ ಹೆಚ್ಚಾಗಿ ಸಿಗೋದು ಇಂಡಿ, ನಮ್ಮ ಬೀದಿ ನಾಯಿ. ಸಣ್ಣ ಕೂದಲು, ನಮ್ಮ ಬಿಸಿಲಿಗೆ ಸರಿಯಾದ ಮೈ. ಮಗುವನ್ನ ಕರ್ಕೊಂಡು ಒಂದಲ್ಲ, ಮೂರು ಸಲ ಹೋಗಿ. ಮಗುವನ್ನ ನಾಯಿ ಹತ್ತಿರ ತಳ್ಳಬೇಡಿ, ಸುಮ್ನೆ ಕೂರಿಸಿ. ನಾಯಿ ತಾನಾಗೇ ಮೈ ಸಡಿಲ ಬಿಟ್ಟು ಬರುತ್ತಾ, ಮಗು ಕಿರುಚಿದಾಗ ಬೆಚ್ಚಿಬಿದ್ದು ಮತ್ತೆ ಸಮಾಧಾನ ಆಗುತ್ತಾ ನೋಡಿ. ಎರಡು ವಾರ ಫಾಸ್ಟರ್ ಮಾಡೋಕೆ ಕೊಡ್ತೀರಾ ಅಂತ ಕೇಳಿ.

ಮರಿಯೇ ಬೇಕು ಅಂದ್ರೆ 2017ರ ಬ್ರೀಡಿಂಗ್ ನಿಯಮ ನೆನಪಿಟ್ಕೊಳ್ಳಿ. ಬ್ರೀಡರ್ ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗಿರಬೇಕು, ಎಂಟು ವಾರ ತುಂಬದ ಮರಿ ಮಾರೋ ಹಾಗಿಲ್ಲ. ತಾಯಿ ನಾಯಿಯನ್ನ ತೋರಿಸಿ ಅನ್ನಿ. ಅದು ಹೆದರಿ ಮೂಲೆ ಸೇರಿದ್ರೆ, ಅಥವಾ ‘ತಾಯಿ ಬೇರೆ ಕಡೆ ಇದೆ ಮೇಡಂ’ ಅಂದ್ರೆ ಎದ್ದು ಬನ್ನಿ. ‘ಕೆಸಿಐ ಪೇಪರ್ ಇದೆ’ ಅಂತಾರೆ. ಅದು ಜಾತಿ ಸರ್ಟಿಫಿಕೇಟ್ ಇದ್ದ ಹಾಗೆ, ಮೆಡಿಕಲ್ ಸರ್ಟಿಫಿಕೇಟ್ ಅಲ್ಲ.

ಅಪಾರ್ಟ್‌ಮೆಂಟ್‌ನವರು ನಾಯಿ ಸಾಕಬೇಡಿ ಅಂದ್ರೆ, ಹಾಗೆ ನಿಷೇಧ ಹಾಕೋಕೆ ಅಸೋಸಿಯೇಷನ್‌ಗೆ ಅಧಿಕಾರ ಇಲ್ಲ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಪ್ರಿಂಟ್ ಇಟ್ಕೊಳ್ಳಿ. ಲಿಫ್ಟ್‌ನಲ್ಲಿ ಬೆಲ್ಟ್ ಹಿಡಿಯೋದು, ಕಕ್ಕ ಎತ್ತೋದು ಮಾತ್ರ ನಿಮ್ಮ ಜವಾಬ್ದಾರಿ.

ಮನೇಲಿ ಆಗಲೇ ನಾಯಿ ಇದ್ದು, ಈಗ ಪಾಪು ಬರ್ತಿದೆ ಅನ್ನೋರ ಪ್ರಶ್ನೆಗಳೂ ಬಂದಿವೆ. ಅದಕ್ಕೆ ಬೇರೆ ತಯಾರಿ ಬೇಕು, ಮುಂದಿನ ಭಾನುವಾರ ಅದನ್ನೇ ಮಾತಾಡೋಣ. ಬರ್ತೀನಿ.